ಬೆಂಗಳೂರಿನಿಂದ ಮಂಗಳೂರಿಗೆ ಕಾರಿನಲ್ಲಿ: ಶಿರಾಡಿಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ಗಂಟೆಗೆ 50ರಂತೆ ಹಿಡಿದು ಏಳು ಗಂಟೆ ಎಂದು ಭಾಗಾಕಾರ ಮಾಡಿ ಹೊರಡುವವರೇ ಹೆಚ್ಚು. ಆ ಲೆಕ್ಕ ಕೂಡಿಬಂದರೆ ಅದು ಅದೃಷ್ಟ. ಈ ದಾರಿಯಲ್ಲಿ ಎಲ್ಲ ಕಿಲೋಮೀಟರೂ ಒಂದೇ ತೂಕದವಲ್ಲ. ಗೊರಗುಂಟೆಪಾಳ್ಯದಿಂದ ನೆಲಮಂಗಲದವರೆಗಿನ ಸುಮಾರು ಇಪ್ಪತ್ತು ಕಿ.ಮೀ.ಗೆ ಬೆಳಗಿನ ಐದಕ್ಕೆ ಅರ್ಧ ಗಂಟೆ ಸಾಕು, ಶುಕ್ರವಾರ ಸಂಜೆ ಎರಡು ಗಂಟೆಯೂ ಸಾಲದು. ಮಾರನಹಳ್ಳಿಯಿಂದ ಗುಂಡ್ಯದವರೆಗಿನ ಶಿರಾಡಿ ಘಟ್ಟವಂತೂ ಮಳೆ, ಮಂಜು, ಲಾರಿ ಹೇಳಿದ ಹಾಗೆ ಕೇಳಬೇಕಾದ ಜಾಗ.

ಹಾಗಾಗಿ ಲೆಕ್ಕವನ್ನು ಮನೆಯ ಬಾಗಿಲಿನಿಂದ ಶುರು ಮಾಡಬೇಡಿ, ಘಟ್ಟದಿಂದ ಶುರು ಮಾಡಿ. ಮಂಜು ಕರಗಿದ ಮೇಲೆ, ಅಂದರೆ ಬೆಳಿಗ್ಗೆ ಒಂಬತ್ತೂವರೆ ಹತ್ತರ ಹೊತ್ತಿಗೆ ಮಾರನಹಳ್ಳಿ ದಾಟುವಂತಿರಬೇಕು. ಸಕಲೇಶಪುರಕ್ಕೆ ಒಂಬತ್ತಕ್ಕೆ ಬರಬೇಕು. ಅದಕ್ಕೆ ಹಾಸನದ ಬೈಪಾಸು ಎಂಟೂಕಾಲಿಗೆ, ತಿಂಡಿ ಏಳಕ್ಕೆ, ನೆಲಮಂಗಲ ಐದೂವರೆಯೊಳಗೆ. ಮನೆ ಬಿಡುವ ಸಮಯ ತಾನಾಗಿ ಸಿಕ್ಕಿತಲ್ಲ. ಆರಕ್ಕೆ ಏಳುತ್ತೇವೆ, ಏಳೂವರೆಗೆ ಹೊರಡುತ್ತೇವೆ ಅನ್ನುವ ಮನೆಯವರು ಊಟದ ಹೊತ್ತಿಗೆ ಮಂಗಳೂರು ಎಂಬ ಆಸೆ ಬಿಟ್ಟು ಊಟಕ್ಕೆ ಸಕಲೇಶಪುರ, ಸಂಜೆಗೆ ಮಂಗಳೂರು ಎಂದುಕೊಳ್ಳುವುದು ವಾಸಿ. ಮಳೆಗಾಲದಲ್ಲಿ ಮಾತ್ರ ಒಂದು ಗೆರೆ ಹಾಕಿಕೊಳ್ಳಿ. ಸಂಜೆ ಐದರ ಮೇಲೆ ಸಕಲೇಶಪುರ ತಲುಪಿದರೆ ಅಲ್ಲೇ ರೂಮು ಮಾಡಿ, ಬೆಳಿಗ್ಗೆ ಇಳಿಯಿರಿ.

ನಗರ ಬಿಡುವುದಕ್ಕೆ ಎರಡು ಬಾಗಿಲು. ಮಲ್ಲೇಶ್ವರ, ರಾಜಾಜಿನಗರ, ಯಶವಂತಪುರ, ಹೆಬ್ಬಾಳದ ಕಡೆಯವರಿಗೆ ತುಮಕೂರು ರಸ್ತೆ. ಬನ್ನೇರುಘಟ್ಟ, ಕನಕಪುರ, ಮೈಸೂರು ರಸ್ತೆಯ ಕಡೆಯವರು ನೈಸ್ ರಸ್ತೆ ಹಿಡಿದು ಮಾದಾವರದ ಹತ್ತಿರ ಇದೇ ತುಮಕೂರು ರಸ್ತೆಗೆ ಬಂದು ಸೇರಬಹುದು. ಟೋಲು ದುಬಾರಿ, ಆದರೆ ಊರೊಳಗಿನ ಸಿಗ್ನಲ್‌ಗಳನ್ನು ಎಣಿಸಿದರೆ ಆ ದುಡ್ಡು ಹೊಟ್ಟೆ ಉರಿಸುವುದಿಲ್ಲ. ಬೈಕಿನವರಿಗೆ ನೈಸ್ ರಸ್ತೆಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಪ್ರವೇಶವಿಲ್ಲ. ನಾಲ್ಕಕ್ಕೆ ಹೊರಡುವ ಉತ್ಸಾಹಿಗಳು ಇದನ್ನು ಮರೆತು ಗೇಟಿನಲ್ಲಿ ನಿಲ್ಲಬೇಕಾಗುತ್ತದೆ.

ನಸುಕಿನ ತುಮಕೂರು ರಸ್ತೆಗೆ ಅದರದೇ ಒಂದು ಗತ್ತಿದೆ. ರಾತ್ರಿ ಬಸ್ಸಿನಿಂದ ಗೊರಗುಂಟೆಪಾಳ್ಯದಲ್ಲಿ ಇಳಿದವರು ಚೀಲ ಕಾಲಿಗೆ ಒತ್ತಿಕೊಂಡು ಆಟೋದವರ ಜೊತೆ ಚೌಕಾಸಿಗೆ ನಿಂತಿರುತ್ತಾರೆ, ಪೀಣ್ಯದ ಪಾಳಿ ಮುಗಿಸಿದವರು ಟೀ ಗಾಡಿಯ ಸುತ್ತ. ನೋಡುವುದಕ್ಕೆ ಚೆಂದ, ಓಡಿಸುವುದಕ್ಕೆ ಅಪಾಯ, ಏಕೆಂದರೆ ಬಸ್ಸುಗಳು ಎಡಕ್ಕೆ ಎಳೆದು ನಿಲ್ಲುವುದಕ್ಕೂ ಜನ ರಸ್ತೆ ದಾಟುವುದಕ್ಕೂ ಮುನ್ಸೂಚನೆ ಇರುವುದಿಲ್ಲ. ಮಧ್ಯದ ಲೈನು ಹಿಡಿದು 50ರೊಳಗೆ ಹೋಗಿ.

ಹೊಸಬರು ಮೊದಲು ತಪ್ಪುವುದು ನೆಲಮಂಗಲದಲ್ಲಿ. ನೇರ ಹೋದರೆ ತುಮಕೂರು, ಎಡಕ್ಕೆ ಕವಲೊಡೆಯುವುದು ಕುಣಿಗಲ್–ಹಾಸನದ ರಾಷ್ಟ್ರೀಯ ಹೆದ್ದಾರಿ 75. ಬೋರ್ಡು ದೊಡ್ಡದೇ ಇದೆ, ಆದರೆ ಬಲ ಲೈನಿನಲ್ಲಿ ಜೋರಾಗಿ ಬರುವವರಿಗೆ ಅದು ಕಾಣುವಷ್ಟರಲ್ಲಿ ಎಡಕ್ಕೆ ಎರಡು ಲಾರಿ ಇರುತ್ತವೆ. ಊರು ಹತ್ತಿರವಾಗುತ್ತಿದ್ದಂತೆ ಎಡಕ್ಕೆ ಬಂದುಬಿಡಿ. ತಪ್ಪಿದರೆ ಹಿಂದಕ್ಕೆ ಬರುವ ಸಾಹಸ ಬೇಡ, ಮುಂದಿನ ಯು ಟರ್ನ್‌ವರೆಗೆ ಹೋಗಿ.

ಫಾಸ್ಟ್ಯಾಗ್‌ನಲ್ಲಿ ಹಿಂದಿನ ರಾತ್ರಿಯೇ ದುಡ್ಡು ತುಂಬಿ. ಟೋಲಿನಲ್ಲಿ ನಿಂತು ರೀಚಾರ್ಜ್ ಮಾಡಿದರೆ ದುಡ್ಡು ಹೋಗುತ್ತದೆ, ಟ್ಯಾಗಿಗೆ ತಲುಪುವುದಕ್ಕೆ ಹೊತ್ತು ಹಿಡಿಯುತ್ತದೆ, ಹಿಂದಿನವರ ಹಾರನ್ನು ಕೇಳಬೇಕಾಗುತ್ತದೆ. 2025ರ ನವೆಂಬರ್‌ನಲ್ಲಿ ಬಂದ ನಿಯಮದಂತೆ, ಟ್ಯಾಗ್ ಓದಿಸದಿದ್ದರೆ ನಗದಿಗೆ ಎರಡು ಪಟ್ಟು, ಯುಪಿಐಯಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು.

ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ. ನಾಲ್ಕು ಪಥದ ಒಳ್ಳೆ ರಸ್ತೆ, ಹೇಳುವುದಕ್ಕೆ ಹೆಚ್ಚೇನಿಲ್ಲ, ಅದೇ ಇಲ್ಲಿನ ತೊಂದರೆ. ರಸ್ತೆ ನೇರ, ಕಣ್ಣಿಗೆ ಜೋಂಪು. ಡಿವೈಡರ್ ಒಡೆದು ಮಾಡಿಕೊಂಡ ಸಂದಿಯಿಂದ ಟಿವಿಎಸ್ ಮೇಲೆ ಹಾಲಿನ ಕ್ಯಾನು ಹೊತ್ತವರು ಬರುತ್ತಾರೆ, ನಿಮ್ಮ ಲೈನಿನಲ್ಲೇ ಎದುರಿಗೆ ಟ್ರ್ಯಾಕ್ಟರ್ ಬರುತ್ತದೆ. ಊರಿನ ಹೆಸರಿನ ಬೋರ್ಡು ಕಂಡಲ್ಲೆಲ್ಲ ಕಾಲು ಬ್ರೇಕಿನ ಮೇಲಿರಲಿ. ತಿಂಡಿಗೆ ಯಡಿಯೂರಿನಿಂದ ಬೆಳ್ಳೂರು ಕ್ರಾಸ್‌ವರೆಗಿನ ಭಾಗ ಸರಿಯಾದ ಜಾಗ. ದೂರವೂ ಹದ, ಹೋಟೆಲೂ ಬೇಕಾದಷ್ಟು. ಹೋಟೆಲ್ ಆಯ್ಕೆಗೆ ಬೋರ್ಡು ನೋಡಬೇಡಿ, ಮುಂದೆ ನಿಂತಿರುವ ವಾಹನ ನೋಡಿ. ಬರೀ ಟೂರಿಸ್ಟ್ ಬಸ್ಸುಗಳಿದ್ದರೆ ಇಡ್ಲಿ ಆರಿರುತ್ತದೆ, ಶೌಚಾಲಯಕ್ಕೆ ಕ್ಯೂ ಇರುತ್ತದೆ. ಹಳದಿ ಬೋರ್ಡಿನ ಟ್ಯಾಕ್ಸಿ, ಸುತ್ತಮುತ್ತಲ ಊರಿನ ಬೈಕು ಎರಡೂ ಇದ್ದರೆ ಕಣ್ಣು ಮುಚ್ಚಿ ಒಳಗೆ ಹೋಗಿ. ಕಾರಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿದ್ದರೆ ಪೂರಿ, ವಡೆ ಬೇಡ, ಇಡ್ಲಿ ಸಾಕು. ಹಾಲು ಬೇಡವೇ ಬೇಡ. ವಾಂತಿ ಮಾತ್ರೆ ಕೊಡುವುದಿದ್ದರೆ ಡಾಕ್ಟರನ್ನು ಕೇಳಿ ಘಟ್ಟಕ್ಕೆ ಒಂದು ಗಂಟೆ ಮುಂಚೆ ಕೊಡಿ. ಡ್ರೈವರ್ ಮಾತ್ರ ಅದನ್ನು ನುಂಗಬಾರದು, ನಿದ್ದೆ ಎಳೆಯುತ್ತದೆ.

ಶಾಂತಿಗ್ರಾಮದ ಟೋಲ್ ಆದಮೇಲೆ ಹಾಸನ. ಊರೊಳಗೆ ಹೋಗುವ ಕೆಲಸವಿಲ್ಲದಿದ್ದರೆ ಬೈಪಾಸ್ ಬಿಡಬೇಡಿ. ಆದರೆ ಹಾಸನ ಬರುವ ಮುಂಚೆ ಗಾಡಿ ನಿಲ್ಲಿಸಿ ಫೋನಿನಲ್ಲಿ ಒಂದು ವಿಷಯ ನೋಡಲೇಬೇಕು: ಶಿರಾಡಿ ತೆರೆದಿದೆಯೇ? ಹಾಸನ ಮತ್ತು ದಕ್ಷಿಣ ಕನ್ನಡ ಜಿಲ್ಲಾಡಳಿತಗಳು ಘಟ್ಟ ಬಂದ್ ಮಾಡಿದಾಗ ಪ್ರಕಟಣೆ ಹೊರಡಿಸುತ್ತವೆ, ಸುದ್ದಿ ಬೇಗ ಹರಡುತ್ತದೆ. ಬೇರೆ ದಾರಿಗಳು ಇಲ್ಲಿಂದಲೇ ಕವಲಾಗುತ್ತವೆ. ಸಕಲೇಶಪುರಕ್ಕೆ ಹೋಗಿ ಬ್ಯಾರಿಕೇಡ್ ನೋಡಿ ವಾಪಸ್ಸು ಬಂದರೆ ಎಂಬತ್ತು ಕಿ.ಮೀ. ದಂಡ.

ಆ ಬೇರೆ ದಾರಿಗಳಲ್ಲಿ ಕಾರಿನವರಿಗೆ ಹತ್ತಿರದ್ದು ಚಾರ್ಮಾಡಿ: ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಇಳಿದರೆ ಉಜಿರೆ. ಧರ್ಮಸ್ಥಳಕ್ಕೆ ಹೋಗುವವರಿಗೆ ಮೊದಲಿಂದಲೂ ಇದೇ ಅನುಕೂಲ. 2019ರ ಆಗಸ್ಟ್ ಮಳೆಯಲ್ಲಿ ಕುಸಿದ ಮೇಲೆ ಭಾರಿ ವಾಹನಗಳಿಗೆ ನಿರ್ಬಂಧ ಬಂದ ರಸ್ತೆ ಇದು. ಲಾರಿ ಕಾಟ ಕಡಿಮೆ, ತಿರುವು ಮಾತ್ರ ಕಡಿದು. ಕೊಟ್ಟಿಗೆಹಾರದ ನೀರ್‌ದೋಸೆ ತಿನ್ನದೆ ಇಳಿದವರನ್ನು ಮೂಡಿಗೆರೆಯವರು ಪ್ರವಾಸಿಗರು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇನ್ನೊಂದು ಸಂಪಾಜೆ: ಮಡಿಕೇರಿಯಿಂದ ಸುಳ್ಯ, ಪುತ್ತೂರು ಹಾದು ಮಾಣಿಯಲ್ಲಿ ನಮ್ಮ ಹೆದ್ದಾರಿಗೆ ಬಂದು ಸೇರುತ್ತದೆ. ಹಾಸನದಿಂದ ಅರಕಲಗೂಡು, ಕೊಣನೂರು, ಕುಶಾಲನಗರದ ಮೇಲೆ ಅದನ್ನು ಹಿಡಿಯಬಹುದಾದರೂ ಸುತ್ತು ಬಹಳ. ಬೆಂಗಳೂರಿನಲ್ಲೇ ಸುದ್ದಿ ಗೊತ್ತಾದರೆ ಮೈಸೂರು ರಸ್ತೆಯಲ್ಲೇ ಹೊರಡಿ. ಬೈಕಿನವರು ಅಲ್ಲಿ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ಪಥ ಅವರಿಗೆ ಇಲ್ಲ. ಒಂದು ಎಚ್ಚರಿಕೆ: ಶಿರಾಡಿ ಕುಸಿಯುವಷ್ಟು ಮಳೆ ಬಂದ ದಿನ ಉಳಿದ ಘಟ್ಟಗಳೂ ಗಟ್ಟಿಯಾಗಿರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಶಿರಾಡಿಯೂ ಸಂಪಾಜೆಯೂ ಒಟ್ಟಿಗೇ ಬಂದ್ ಆಗಿದ್ದವು. ಅಂಥ ದಿನ ಬೇರೆ ದಾರಿ ಹುಡುಕುವುದಕ್ಕಿಂತ ಬೇರೆ ದಿನ ಹುಡುಕಬೇಕು.

ಹಾಸನ ದಾಟಿ ಆಲೂರಿನ ಹತ್ತಿರ ಬಂದರೆ ಗಾಳಿ ಬದಲಾಗುತ್ತದೆ. ಕಿಟಕಿ ಇಳಿಸಿ. ಸಿಲ್ವರ್ ಓಕ್ ಮರ, ಅದನ್ನು ತಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೋದರೆ ಕಣದಲ್ಲಿ ಹರಡಿದ ಕಾಫಿ ಹಣ್ಣಿನ ಹುಳಿ ವಾಸನೆ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಹೋದರೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯ ಘಮ. ಆ ಬಿಳುಪು ಇರುವುದು ಎರಡು ಮೂರು ದಿನ ಮಾತ್ರ, ಪ್ಲಾನ್ ಮಾಡಿ ಹಿಡಿಯುವುದಕ್ಕಾಗುವುದಿಲ್ಲ. ಆಲೂರು–ಸಕಲೇಶಪುರದಲ್ಲಿ ಕಾಡಾನೆ ಓಡಾಟವೂ ಉಂಟು. ಮುಸ್ಸಂಜೆ ಮೇಲೆ ತೋಟದ ಅಂಚಿನಲ್ಲಿ ನಿಲ್ಲಿಸಿ ಫೋಟೊ ತೆಗೆಯುವ ಕೆಲಸ ಬೇಡ.

ಸಕಲೇಶಪುರದಲ್ಲಿ ಟ್ಯಾಂಕು ನೋಡಿಕೊಳ್ಳಿ, ಘಟ್ಟದೊಳಗೆ ಬಂಕ್ ಇಲ್ಲ. ಫೋನಿನ ಸಿಗ್ನಲ್ಲೂ ಅಲ್ಲಲ್ಲಿ ಸಾಯುತ್ತದೆ, ಮ್ಯಾಪನ್ನು ಮೊದಲೇ ಇಳಿಸಿಕೊಂಡಿರಿ. ಊರು ದಾಟಿದ ಐದಾರು ಕಿ.ಮೀ.ಗೆ ಹೆದ್ದಾರಿ ಪಕ್ಕದಲ್ಲೇ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ್ 1792ರಲ್ಲಿ ಮುಗಿಸಿದ ಎಂಟು ಮೂಲೆಯ ನಕ್ಷತ್ರದ ಕೋಟೆ. ಇಂಟರ್ನೆಟ್‌ನಲ್ಲಿ ನೋಡಿದ ಆ ನಕ್ಷತ್ರ ಡ್ರೋನಿನ ಕಣ್ಣಿಗೆ ಕಾಣುವುದು. ಮೆಟ್ಟಿಲು ಹತ್ತಿ ಒಳಗೆ ನಿಂತವರಿಗೆ ಮಡಚಿ ಮಡಚಿ ಹೋಗುವ ಗೋಡೆ, ಆಳದ ಕೊಳ, ತಂಪಾದ ನೆಲಮಾಳಿಗೆ ಕಾಣುತ್ತವೆ. ಅದೇ ಚೆನ್ನಾಗಿದೆ. ಮುಕ್ಕಾಲು ಗಂಟೆ ಸಾಕು. ಮಳೆಯಲ್ಲಿ ಮೆಟ್ಟಿಲು ಪಾಚಿಗಟ್ಟಿ ಜಾರುತ್ತವೆ.

ಇನ್ನು ಘಟ್ಟ. ಹೆಗ್ಗದ್ದೆಯಿಂದ ಅಡ್ಡಹೊಳೆಯವರೆಗೆ ಎರಡು ಹಂತದಲ್ಲಿ ಕಾಂಕ್ರೀಟ್ ಆಗಿದೆ: ಕೆಂಪುಹೊಳೆಯವರೆಗಿನ ಭಾಗ 2015ರಲ್ಲಿ, ಉಳಿದದ್ದು 2018ರಲ್ಲಿ. ಗುಂಡಿಯ ಕಾಲ ಹೋಯಿತು, ಅದರ ಬದಲು ಎರಡು ಹೊಸ ಕಾಟ ಬಂದವು. ಒಂದು, ರಸ್ತೆ ನುಣುಪಾಗಿದೆ ಎಂದು ಜನ 80ರಲ್ಲಿ ತಿರುವಿಗೆ ಬರುತ್ತಾರೆ. ಇನ್ನೊಂದು, ಕಾಂಕ್ರೀಟಿನ ಅಂಚು. ಪಕ್ಕದ ಮಣ್ಣು ಮಳೆಗೆ ಕೊಚ್ಚಿಹೋಗಿ ಕೆಲವು ಕಡೆ ಅರ್ಧ ಅಡಿ ಇಳಿಜಾರು ಬಿಟ್ಟಿರುತ್ತದೆ. ಎದುರಿನ ಲಾರಿಗೆ ಜಾಗ ಬಿಡಲು ಹೋಗಿ ಎಡ ಚಕ್ರ ಕೆಳಗಿಳಿದರೆ ಗಾಬರಿಯಲ್ಲಿ ಸ್ಟೇರಿಂಗ್ ಬಲಕ್ಕೆ ಎಳೆಯಬಾರದು. ಚಕ್ರ ಅಂಚಿಗೆ ತಾಗಿ ತಾಗಿ ಕೊನೆಗೊಮ್ಮೆ ಹತ್ತಿದಾಗ ಗಾಡಿ ಚಿಮ್ಮಿ ಎದುರಿನ ಲೈನಿಗೇ ಹೋಗಿಬಿಡುತ್ತದೆ. ಆಕ್ಸಿಲರೇಟರ್ ಬಿಟ್ಟು, ನೇರ ಹಿಡಿದು, ವೇಗ ಪೂರ್ತಿ ಇಳಿದ ಮೇಲೆ ನಿಧಾನಕ್ಕೆ ಹತ್ತಿಸಿ.

ಹಳೇ ಡ್ರೈವರುಗಳ ಮಾತು ಒಂದಿದೆ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಇಳಿಜಾರಿನಲ್ಲಿ ಎರಡನೇ ಅಥವಾ ಮೂರನೇ ಗೇರು, ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿರಲಿ, ಬ್ರೇಕು ತಿರುವಿಗೆ ಮುಂಚೆ ಒಂದು ಸಲ ಗಟ್ಟಿಯಾಗಿ ಒತ್ತಿ ಬಿಡುವುದಕ್ಕೆ. ಬ್ರೇಕಿನ ಮೇಲೇ ಕಾಲಿಟ್ಟುಕೊಂಡು ಇಳಿದರೆ ಪ್ಯಾಡು ಕಾದು ಸುಟ್ಟ ರಬ್ಬರಿನಂಥ ವಾಸನೆ ಬರುತ್ತದೆ. ಆ ವಾಸನೆ ಬಂದ ಕೂಡಲೇ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಚಕ್ರಕ್ಕೆ ನೀರು ಎರಚಬೇಡಿ, ಕಾದ ಡಿಸ್ಕು ಸೊಟ್ಟಗಾಗುತ್ತದೆ. ವರ್ಷಗಟ್ಟಲೆ ಬದಲಾಯಿಸದ ಬ್ರೇಕ್ ಆಯಿಲ್ ನೀರು ಹೀರಿಕೊಂಡಿರುತ್ತದೆ, ಬಿಸಿಗೆ ಕುದಿದು ಒಳಗೆ ಆವಿಯಾದರೆ ಪೆಡಲು ಒತ್ತಿದಷ್ಟೂ ಕೆಳಗೆ ಹೋಗುತ್ತದೆ. ಎರಡು ವರ್ಷವಾಗಿದ್ದರೆ ಹೊರಡುವ ಮುಂಚೆ ಬದಲಾಯಿಸಿ. ಆಟೊಮ್ಯಾಟಿಕ್ ಗಾಡಿಯವರು ಡಿ ಬಿಟ್ಟು ಎಲ್ ಅಥವಾ ಮ್ಯಾನ್ಯುಯಲ್‌ಗೆ ಹಾಕಿ. ನ್ಯೂಟ್ರಲ್ ಮಾತ್ರ ಯಾರಿಗೂ ಬೇಡ.

ಎಲೆಕ್ಟ್ರಿಕ್ ಕಾರಿನವರಿಗೆ ಬೇರೆ ಲೆಕ್ಕ. ಇಳಿಯುವಾಗ ಕಾರು ಬ್ಯಾಟರಿಗೆ ಚಾರ್ಜು ತುಂಬಿಕೊಂಡೇ ವೇಗ ತಡೆಯುತ್ತದೆ, ಆದರೆ ಬ್ಯಾಟರಿ ಶೇ. 100 ಇದ್ದರೆ ತುಂಬಲು ಜಾಗವಿಲ್ಲ, ತಡೆಯುವ ಕೆಲಸವೆಲ್ಲ ಮಾಮೂಲಿ ಬ್ರೇಕಿನ ಮೇಲೇ ಬೀಳುತ್ತದೆ. ಹಾಸನದಲ್ಲಿ ಶೇ. 80ರವರೆಗೆ ಮಾತ್ರ ಚಾರ್ಜ್ ಮಾಡಿ. ವಾಪಸ್ಸು ಬರುವಾಗ ಗುಂಡ್ಯದಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಎತ್ತರ ಹತ್ತಬೇಕು. ಆ ನಲವತ್ತು ಕಿ.ಮೀ.ಗೆ ಮಾಮೂಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಚಾರ್ಜ್ ಇಳಿಯುತ್ತದೆ ಎಂದಿಟ್ಟುಕೊಳ್ಳಿ.

ಲಾರಿಗಳ ವಿಷಯ. ಮಂಗಳೂರಿನ ಬಂದರಿನಿಂದ ಬರುವ ಗ್ಯಾಸಿನ ಬುಲೆಟ್ ಟ್ಯಾಂಕರು, ಕಂಟೇನರು ಆಳು ನಡೆಯುವ ವೇಗದಲ್ಲಿ ಹತ್ತುತ್ತಿರುತ್ತವೆ. ಅವುಗಳ ಹಿಂದೆ ಸಿಕ್ಕಿ ತಾಳ್ಮೆ ಕಳೆದುಕೊಂಡ ಕಾರೇ ನಿಮ್ಮ ಎದುರಿಗೆ ನಿಮ್ಮ ಲೈನಿನಲ್ಲಿ ಬರುವುದು. ಪ್ರತಿ ಕುರುಡು ತಿರುವಿನಲ್ಲೂ ಒಂದು ಕಾರು ಹಾಗೆ ಬರುತ್ತಿದೆ ಎಂದೇ ತಿಳಿದು ಎಡಕ್ಕೆ ಒತ್ತಿ ತಿರುಗಿಸಿ, ಹಾರನ್ ಮಾಡಿ. ಮುಂದಿನ ಲಾರಿಯವನು ಬಲ ಇಂಡಿಕೇಟರ್ ಹಾಕಿದರೆ ಅದು "ಹೋಗಿ" ಎಂದೂ ಆಗಬಹುದು, "ನಾನೇ ಬಲಕ್ಕೆ ಬರುತ್ತಿದ್ದೇನೆ" ಎಂದೂ ಆಗಬಹುದು. ರಸ್ತೆ ನಿಮ್ಮ ಕಣ್ಣಿಗೆ ಕಾಣದೆ ಆ ಮಾತು ನಂಬಬೇಡಿ.

ಮಂಜಿನಲ್ಲಿ ಹೈಬೀಮ್ ಹಾಕಿದರೆ ಹನಿಗಳಿಗೆ ಬೆಳಕು ಬಡಿದು ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಡಿಮ್ ಮಾಡಿ, ಎಡಗಡೆಯ ಬಿಳಿ ಗೆರೆ ಹಿಡಿಯಿರಿ. ನಾಲ್ಕೂ ಇಂಡಿಕೇಟರ್ ಮಿಟುಕಿಸುತ್ತ ಓಡಿಸುವ ಚಾಳಿ ಬಿಡಿ, ನೀವು ತಿರುಗುತ್ತೀರೋ ನಿಂತಿದ್ದೀರೋ ಹಿಂದಿನವನಿಗೆ ತಿಳಿಯುವುದಿಲ್ಲ. ಗಾಜು ಮಬ್ಬಾಗುವುದರಲ್ಲೂ ಎರಡು ಬಗೆ. ಮೇಲೆ, ಚಳಿಯಲ್ಲಿ, ಮಬ್ಬು ಒಳಗಿನದು: ಏಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಬರುವಂತೆ ಬಿಡಿ. ಗುಂಡ್ಯಕ್ಕೆ ಇಳಿದಾಗ ಅದೇ ಏಸಿಯಿಂದ ತಣ್ಣಗಾದ ಗಾಜಿಗೆ ಕರಾವಳಿಯ ಸೆಕೆ ತಾಗಿ ಹೊರಗಡೆ ಮಬ್ಬು ಕೂರುತ್ತದೆ. ಒಳಗೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಸುಸ್ತಾಗುವವರು ಎಷ್ಟೋ ಜನ. ವೈಪರ್ ಒಂದು ಸಲ ಆಡಿಸಿ, ಏಸಿ ಸ್ವಲ್ಪ ಬಿಸಿ ಕಡೆ ತಿರುಗಿಸಿ, ಮುಗಿಯಿತು.

ಮಳೆಗಾಲದಲ್ಲಿ ರಸ್ತೆ ಪಕ್ಕದ ಧರೆಯ ಕಡೆ ಕಣ್ಣಿಡಿ. ಅಗಲೀಕರಣಕ್ಕೆ ಗುಡ್ಡವನ್ನು ನೇರ ಗೋಡೆಯಂತೆ ಕಡಿದಲ್ಲಿ ನೀರು ಕುಡಿದ ಮಣ್ಣು ನಿಲ್ಲುವುದಿಲ್ಲ. 2024ರ ಜುಲೈನಲ್ಲಿ ಇದೇ ಹೆದ್ದಾರಿಯ ದೊಡ್ಡತಪ್ಲುವಿನಲ್ಲಿ ಗುಡ್ಡ ಕುಸಿದದ್ದು ಹಾಗೆಯೇ. ರಸ್ತೆ ಮೇಲೆ ಹೊಸ ಕೆಂಪು ನೀರು, ಸಣ್ಣ ಕಲ್ಲು, ವಾಲಿದ ಮರ ಕಂಡರೆ ಅಲ್ಲಿ ನಿಲ್ಲಬೇಡಿ. ಟ್ರಾಫಿಕ್ ನಿಂತರೂ ಕಡಿದ ಧರೆಯ ಬುಡ ಬಿಟ್ಟು ಹಿಂದೆ ನಿಲ್ಲಿ.

ಗುಂಡ್ಯದಲ್ಲಿ ಕಿವಿ ಬಿಟ್ಟುಕೊಳ್ಳುತ್ತದೆ, ಅಂಗಿ ಮೈಗೆ ಅಂಟುತ್ತದೆ. ಎಡಕ್ಕೆ ಕುಕ್ಕೆ ಸುಬ್ರಹ್ಮಣ್ಯದ ದಾರಿ. ಮುಂದೆ ನೆಲ್ಯಾಡಿಗೆ ಮುಂಚೆ ಪೆರಿಯಶಾಂತಿಯಲ್ಲಿ ಬಲಕ್ಕೆ ಹೋದರೆ ಕೊಕ್ಕಡದ ಮೇಲೆ ಧರ್ಮಸ್ಥಳ. ಇಲ್ಲಿಂದ ಬಂಟ್ವಾಳದ ಬಿ.ಸಿ. ರೋಡ್‌ವರೆಗೆ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಎಳೆದ ಭಾಗ. ಹೊಸ ರಸ್ತೆಯ ಖುಷಿಯಲ್ಲಿ ವೇಗ ಹೆಚ್ಚಿಸಿದ ಕೂಡಲೇ ಡೈವರ್ಷನ್ ಎದುರಾಗುವುದಕ್ಕೆ ಸಿದ್ಧರಾಗಿರಿ. ಕತ್ತಲಲ್ಲಂತೂ ಮಣ್ಣಿನ ದಿಬ್ಬಕ್ಕೂ ರಸ್ತೆಗೂ ವ್ಯತ್ಯಾಸ ಕಾಣುವುದಿಲ್ಲ.

ಘಟ್ಟ ಇಳಿದದ್ದು ಬೋರ್ಡಿಲ್ಲದೆಯೂ ಗೊತ್ತಾಗುತ್ತದೆ. ಗೋಡೆ ಕೆಂಪು ಮುರಕಲ್ಲಿನದು, ಅಂಗಳದ ತುಂಬ ಅಡಿಕೆ. ಹಾಸನದಲ್ಲಿ ಕುಡಿದ ಎಳನೀರು ಇಲ್ಲಿ ಸೀಯಾಳ, ಇನ್ನೂ ಕೆಳಗೆ ಬೊಂಡ. ಟೀ ಹೋಗಿ ಚಾ ಬಂತು. ದಾರಿ ಕೇಳಿದರೆ ಮೇಲಿನವರು "ಇಲ್ಲೇ ಮುಂದೆ, ಹತ್ರಾನೇ" ಎಂದು ಹತ್ತು ಕಿ.ಮೀ. ಕಳಿಸುತ್ತಿದ್ದರು, ಇಲ್ಲಿಯವರು "ಸೀದಾ ಹೋಗಿ ಮಾರಾಯ್ರೆ, ಒಂದು ಕಟ್ಟೆ ಸಿಗ್ತದೆ, ಅಲ್ಲಿ ಬಲಕ್ಕೆ ಹೋಗ್ಲಿಕ್ಕುಂಟು" ಎನ್ನುತ್ತಾರೆ. ಗುರುತು ಸಮೇತ ಹೇಳುವ ಈ ಜನರ ಮಾತು ಮ್ಯಾಪಿಗಿಂತ ವಾಸಿ. ಕನ್ನಡಿಯಲ್ಲಿ ಖಾಸಗಿ ಎಕ್ಸ್‌ಪ್ರೆಸ್ ಬಸ್ಸು ಕಂಡರೆ ಮರ್ಯಾದೆಯಿಂದ ಎಡಕ್ಕೆ ಸರಿಯಿರಿ. ಅದರ ಟೈಮಿಗೆ ಹಿಂದಿನ ಬಸ್ಸಿನ ಪೈಪೋಟಿ ಇದೆ, ನಿಮಗೆ ಇಲ್ಲ.

ಉಪ್ಪಿನಂಗಡಿಯಲ್ಲಿ ಕುಮಾರಧಾರ ನೇತ್ರಾವತಿಗೆ ಸೇರುತ್ತದೆ, ಸಹಸ್ರಲಿಂಗೇಶ್ವರ ದೇವಸ್ಥಾನದ ಹತ್ತಿರ. ಹತ್ತು ನಿಮಿಷ ನಿಂತು ನೋಡುವ ಜಾಗ.

ಮುಂದಿನದು ಕಲ್ಲಡ್ಕ, ಕೆ.ಟಿ.ಯ, ಅಂದರೆ ಕಲ್ಲಡ್ಕ ಟೀಯ ಊರು. ಈಗ ಪೇಟೆಯ ಮೇಲೆ ಮೇಲ್ಸೇತುವೆ ಬಂದಿದೆ. ಅದನ್ನು ಹತ್ತಿದಿರೋ ಕೆ.ಟಿ. ತಪ್ಪಿತು. ಮಾಣಿ ದಾಟುತ್ತಿದ್ದಂತೆ ಎಡಕ್ಕೆ ಬಂದು ಸರ್ವಿಸ್ ರಸ್ತೆ ಹಿಡಿಯಿರಿ. ಕೆ.ಟಿ. ಮಾಡುವುದು ಹೀಗೆ: ಗ್ಲಾಸಿನಲ್ಲಿ ಮೊದಲು ಸಕ್ಕರೆ ಹಾಕಿದ ಬಿಸಿ ಹಾಲು, ಅದರ ಮೇಲೆ ಸಕ್ಕರೆಯಿಲ್ಲದ ಗಟ್ಟಿ ಡಿಕಾಕ್ಷನ್ ನಿಧಾನಕ್ಕೆ ಸುರಿಯುತ್ತಾರೆ. ಸಕ್ಕರೆ ಕರಗಿದ ಹಾಲು ಭಾರ, ಡಿಕಾಕ್ಷನ್ ಹಗುರ, ಅದಕ್ಕೇ ಅದು ಮೇಲೆ ತೇಲುತ್ತದೆ: ಮೇಲೆ ಕಪ್ಪು, ಕೆಳಗೆ ಬಿಳಿ, ನಡುವೆ ಬೆರಳಿನ ದಪ್ಪಕ್ಕೆ ಕಂದು. ಕದಡದೆ ಕುಡಿದರೆ ಮೊದಲ ಗುಟುಕು ಕಹಿ, ಕೊನೆಯದು ಪಾಯಸ. ಫೋಟೊ ತೆಗೆಯುವವರು ಗ್ಲಾಸನ್ನು ಬೆಳಕಿನ ಕಡೆ ಇಟ್ಟು ಬೇಗ ಮುಗಿಸಿ, ಮೇಜು ಅಲುಗಿದರೆ ಪದರ ಕಲಸಿಹೋಗುತ್ತದೆ. ಜೊತೆಗೆ ಬನ್ಸೋ ಗೋಳಿಬಜೆಯೋ ಇದ್ದರೆ ತಗೊಳ್ಳಿ. ಬನ್ಸ್ ಅಂದರೆ ಬೇಕರಿಯ ಬನ್ನಲ್ಲ, ಬಾಳೆಹಣ್ಣು ಕಲಸಿ ಕರಿದ ಸಿಹಿ ಪೂರಿ.

ಬಿ.ಸಿ. ರೋಡ್, ಬ್ರಹ್ಮರಕೂಟ್ಲು ಟೋಲ್, ಫರಂಗಿಪೇಟೆ, ಪಡೀಲ್. ಊಟದ ಹೊತ್ತಿಗೆ ಮಂಗಳೂರು. ಮೀನಿನ ಆಸೆಯಲ್ಲಿ ಬರುವವರು ತಿಂಗಳು ನೋಡಿಕೊಳ್ಳಿ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ತಟ್ಟೆಗೆ ಬರುವ ಅಂಜಲ್ ಐಸಿನದ್ದಿರಬಹುದು, ಬೆಲೆ ಮಾತ್ರ ತಾಜಾ. ಅನ್ನ ಕೇಳಿದರೆ ಕೆಂಪು ಕುಚ್ಚಲಕ್ಕಿ ಬರುತ್ತದೆ; ಬೇಡದವರು ಮೊದಲೇ ಬೆಳ್ತಿಗೆ ಎಂದು ಹೇಳಿ.

ಗಾಡಿ ಬೇಡ ಅನ್ನುವವರಿಗೆ ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ನಲ್ಲಿ 57 ಸುರಂಗ, ಅಷ್ಟಕ್ಕೆ ಎರಡು ಗಂಟೆಗೂ ಹೆಚ್ಚು. ಹಗಲು ರೈಲುಗಳಿಗೆ 2021ರ ಜುಲೈನಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ, ಮಳೆಗಾಲದ ಟಿಕೆಟ್ ಬೇಗ ಖಾಲಿ. ಹಳಿ ಮೇಲೆ ನಡೆದು ಎಡಕುಮೇರಿ ಚಾರಣ ಮಾಡುವ ಹಳೇ ಹುಚ್ಚು ಮಾತ್ರ ಬೇಡ, ಅದಕ್ಕೆ ನಿಷೇಧವಿದೆ.

ವಾಪಸ್ಸಿಗೂ ಅದೇ ಲೆಕ್ಕ, ಆದರೆ ಗಂಟು ಇನ್ನೊಂದು ತುದಿಯಲ್ಲಿ. ಭಾನುವಾರ ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ನೆಲಮಂಗಲದಲ್ಲಿ ಹಾಸನದ ಕಡೆಯಿಂದಲೂ ತುಮಕೂರಿನ ಕಡೆಯಿಂದಲೂ ಬೆಂಗಳೂರಿಗೆ ಮರಳುವವರೆಲ್ಲ ಒಂದೇ ಕಡೆ ಬಂದು ಬೀಳುತ್ತಾರೆ. ಮಂಗಳೂರು ಬೆಳಿಗ್ಗೆ ಆರಕ್ಕೆ ಬಿಟ್ಟರೆ ಮಧ್ಯಾಹ್ನ ಎರಡರೊಳಗೆ ಅದನ್ನು ದಾಟಬಹುದು. ಬೆಳಿಗ್ಗೆ ಕಡಲು ನೋಡಿ ಹೊರಡೋಣ ಅನ್ನುವವರಿದ್ದರೆ ಪಣಂಬೂರಿಗೋ ತಣ್ಣೀರುಬಾವಿಗೋ ಹಿಂದಿನ ಸಂಜೆಯೇ ಕರೆದುಕೊಂಡು ಹೋಗಿ ಬನ್ನಿ.